ಮುಚ್ಚಳದ ಮೇಲಿನ ವಿಭೂತಿ

ಐರಣಿಯ ದಂಡೆಯಲ್ಲಿ ಅಮಾವಾಸ್ಯೆಯ ಪೂಜೆ ಮುಗಿಸಿದ ಶಂಭುಲಿಂಗ, ದೋಣಿಯ ಹೊಸ ಇಂಜಿನ್ನಿಗೆ ಮೈತುಂಬ ವಿಭೂತಿ ಬಳಿದಿದ್ದ. ಚಮನಸಾಬ ಅದರತ್ತ ಕೈ ಚಾಚಿದಾಗ, "ಪೂಜಿ ಆಗೈತಿ ಕಾಕಾ, ನೀ ಮುಟ್ಟಬ್ಯಾಡ" ಎಂದುಬಿಟ್ಟ. ಶಂಭುಲಿಂಗನಿಗೆ ಹುಟ್ಟು ಹಾಕಲು ಕಲಿಸಿದ್ದ ಆ ಮುದುಕ ಕೈ ಹಿಂದಕ್ಕೆಳೆದುಕೊಂಡು ದೋಣಿಯ ಮುಂಭಾಗಕ್ಕೆ ಹೋಗಿ ಕುಳಿತ.

ಜನರನ್ನು ಹತ್ತಿಸಿಕೊಂಡು ಆಚೆ ದಂಡೆಗೆ ಹೊರಟ ದೋಣಿ ತುಂಗಭದ್ರೆಯ ನಡುನೀರಿಗೆ ಬಂದಾಗ ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಅದನ್ನು ಚಾಲೂ ಮಾಡುವ ಹಗ್ಗ ಎಳೆದೆಳೆದು ಶಂಭುಲಿಂಗನ ರಟ್ಟೆ ಸೋತಿತು. ಸೆಳವು ದೋಣಿಯನ್ನು ಬಂಡೆಗಳ ಕಡೆಗೆ ಒಯ್ಯತೊಡಗಿತು.

"ಇದು ಇಂಜಿನ್ನೋ, ನಂದಿಕೋಲೋ? ಬರೇ ಸಿಂಗಾರ ಆತಲ್ಲೋ!" ಎಂದಳು ದೋಣಿಯಲ್ಲಿದ್ದ ಗದಿಗೆವ್ವ.

ಎಲ್ಲರೂ ನಕ್ಕರು. ಅವಮಾನಕ್ಕೆ ಶಂಭುಲಿಂಗನ ನಾಲಿಗೆ ಜಾರಿತು. "ಪೆಟ್ರೋಲ್ ತಂದಾಂವ ಕಾಕಾ. ನೀರು ಕೂಡಿಸ್ಯಾನೋ ಏನೋ, ಅವನ್ನ ಕೇಳ್ರಿ."

ಚಮನಸಾಬ ಎದ್ದು ಬಂದು ಇಂಜಿನ್ನನ್ನು ಬಗ್ಗಿ ನೋಡಿದ. "ಟಾಕಿ ಮುಚ್ಚಳದಾಗ ಗಾಳಿ ಆಡೂ ತೂತು ಇರತೈತಿ ತಮ್ಮಾ. ವಿಭೂತಿ ಒಣಗಿ ಅದು ಕಟ್ಟೈತಿ. ಗಾಳಿ ಒಳಗ ಹೋಗದಿದ್ರ ಪೆಟ್ರೋಲ್ ಇಳಿಯಂಗಿಲ್ಲ. ನೀನ ಒರಸು. ಪೂಜಿ ಆಗಿದ್ದು, ನಾ ಮುಟ್ಟಂಗಿಲ್ಲ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಶಂಭುಲಿಂಗನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಅವನು ವಿಭೂತಿ ಒರೆಸಿ, ಕಡ್ಡಿಯಿಂದ ತೂತು ಬಿಡಿಸಿದ. ಟಾಕಿ ಉಸ್ಸೆಂದು ಉಸಿರೆಳೆದುಕೊಂಡಿತು. ಹಗ್ಗಕ್ಕೆ ಕೈ ಹಾಕಿದವನಿಗೆ ಎಳೆಯಲು ಮನಸ್ಸಾಗಲಿಲ್ಲ.

"ಪೆಟ್ರೋಲ್ ಚಲೋನ ಇತ್ತು. ತಪ್ಪು ನಂದ ಕಾಕಾ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಹಗ್ಗ ನೀನ ಎಳಿ."

ಚಮನಸಾಬ ಇಂಜಿನ್ನಿನ ಮೇಲೆ ಅಂಗೈ ಊರಿ, ಒಂದೇ ಸಲಕ್ಕೆ ಎಳೆದು ಚಾಲೂ ಮಾಡಿದ. ದಂಡೆ ಮುಟ್ಟುವ ತನಕ ಶಂಭುಲಿಂಗ ತಲೆ ಎತ್ತಲಿಲ್ಲ.