ಡಾಕ್ಟರ ಹೆಂಡತಿಗೆ ತುಂಬಿದ ಉಡಿ

ಬಾಗಲಕೋಟೆಯ ವಕೀಲರ ಸಂಘದಲ್ಲಿ ನನ್ನನ್ನು ಹಲ್ಲಿನ ವಕೀಲ ಎಂದು ಕರೆದು ನಗುತ್ತಿದ್ದರು. ಹಲ್ಲಿನ ಡಾಕ್ಟರುಗಳ ತಪ್ಪಿನ ಕೇಸು ಹಿಡಿಯುವ ಹುಚ್ಚು ನನಗೊಬ್ಬನಿಗೇ ಇತ್ತು. ಹನ್ನೊಂದು ಹಿಡಿದು ಎರಡು ಗೆದ್ದಿದ್ದೆ. ಒಬ್ಬ ಡಾಕ್ಟರ ತಪ್ಪನ್ನು ಇನ್ನೊಬ್ಬ ಡಾಕ್ಟರು ಬರೆದುಕೊಡಬೇಕು. ಹುಬ್ಬಳ್ಳಿಯ ತನಕ ಹೋಗಿ ಕೈಮುಗಿದರೂ ಚಹಾ ಕುಡಿಸಿ ಕಳಿಸುತ್ತಿದ್ದರೇ ಹೊರತು ಬರೆದುಕೊಡುತ್ತಿರಲಿಲ್ಲ.

2003ರಲ್ಲಿ ಇಳಕಲ್ಲಿನ ಚಂದ್ರವ್ವ ಗಂಡ ಅಮರಪ್ಪನ ಜೊತೆ ನನ್ನ ಆಫೀಸಿಗೆ ಬಂದಳು. ನೇಕಾರರ ಮನೆಯವಳು. ಅವರ ಊರಿನ ಹಲ್ಲಿನ ಡಾಕ್ಟರು ಅವಳ ಕೆಳಗಿನ ದವಡೆ ಹಲ್ಲು ಕಿತ್ತ ದಿನದಿಂದ ಕೆಳತುಟಿ ಜೋಮು ಹಿಡಿದಿತ್ತು. ವರ್ಷ ಕಳೆದರೂ ಬಿಟ್ಟಿರಲಿಲ್ಲ. ಮಗ್ಗದಲ್ಲಿ ಹರಿದ ಎಳೆಯನ್ನು ಅವಳು ತುಟಿಯಲ್ಲಿ ಹಿಡಿದೇ ಜೋಡಿಸುತ್ತಿದ್ದವಳು. ಈಗ ಎಳೆ ತುಟಿಯಲ್ಲಿದೆಯೋ ಜಾರಿದೆಯೋ ತಿಳಿಯುತ್ತಿರಲಿಲ್ಲ. ಡಾಕ್ಟರು ಮಾತ್ರ ಇದು ಲಕ್ವಾ, ತಮ್ಮ ತಪ್ಪಲ್ಲ ಎಂದು ಊರಿಗೆಲ್ಲ ಹೇಳಿದ್ದರು. ಲಕ್ವಾ ಹೊಡೆದವಳು ಸೀರೆ ಕೆಡಿಸುತ್ತಾಳೆಂದು ಸಾವಕಾರ ನೂಲು ಕೊಡುವುದನ್ನೇ ನಿಲ್ಲಿಸಿದ್ದ.

ಪರಿಹಾರ ಎಷ್ಟು ಕೇಳೋಣ ಎಂದೆ. ಅವಳಿಗೆ ಅದು ಬೇಕಿರಲಿಲ್ಲ.

“ಇದು ಲಕ್ವಾ ಅಲ್ಲ, ಅವರ ಕೈ ತಪ್ಪೇತಿ ಅಂತ ಒಂದು ಕಾಗದದಾಗ ಬರಸಿ ಕೊಡ್ರಿ, ಸಾಹೇಬ್ರ. ಸಾವಕಾರಗ ತೋರಸ್ತೇನಿ.”

ಗ್ರಾಹಕರ ವೇದಿಕೆಯಲ್ಲಿ ಕೇಸು ಹಾಕಿದೆ. ಸಾಕ್ಷಿಯ ಹಿಂದಿನ ದಿನ ನನ್ನ ಎಂದಿನ ಪಾಠ ಹೇಳಿದೆ. ಕೇಳಿದ್ದಕ್ಕೆ ಹೌದು ಇಲ್ಲವೇ ಅಲ್ಲ ಅನ್ನಬೇಕು, ಮುಂದಕ್ಕೆ ಒಂದು ಮಾತೂ ಬೇಡ. ಬಾಯಿ ಬಿಟ್ಟು ಕೆಟ್ಟವರನ್ನು ಬೇಕಾದಷ್ಟು ನೋಡಿದ್ದೆ. ಅವಳು ಸಾಲಿ ಹುಡುಗಿಯಂತೆ ತಲೆಯಾಡಿಸಿದಳು.

ಮರುದಿನ ಡಾಕ್ಟರ ಪರ ವಕೀಲರು ಅವಳಿಗೆ ಕೇಳಿದ್ದು ಒಂದೇ ವಿಷಯ. ಹಲ್ಲು ಕಿತ್ತ ತಿಂಗಳಿಗೆ ಡಾಕ್ಟರ ಹೆಂಡತಿ ನಿಮ್ಮನ್ನು ನೋಡಲು ಮನೆಗೆ ಬಂದಿದ್ದರೋ? ಹೌದು ಎಂದಳು. ಅವರಿಗೆ ಅರಿಷಿಣ ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿದಿರೋ?

ಈ ಉಡಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಚಂದ್ರವ್ವ ನನ್ನ ಮುಖ ನೋಡಿದಳು. ಏನೋ ಹೇಳಲು ತುಟಿ ತೆರೆದಳು, ಮತ್ತೆ ಮುಚ್ಚಿದಳು.

“ಹೌದ್ರಿ,” ಎಂದಳು.

ತನ್ನ ಬಾಯಿ ಕೆಡಿಸಿದವನ ಹೆಂಡತಿಗೆ ಯಾರಾದರೂ ಉಡಿ ತುಂಬುತ್ತಾರೆಯೇ, ಈ ದೂರು ಆಮೇಲೆ ಯಾರೋ ಹುಟ್ಟಿಸಿದ್ದು ಎಂದು ವಾದಿಸಿ ಆ ವಕೀಲರು ಕೂತರು. ನಾನು ಎದ್ದು ನಮ್ಮ ಕಡೆಯ ಪದ್ಧತಿ ವಿವರಿಸಿದೆ. ಅದು ಸಾಕ್ಷಿಯ ಬಾಯಿಂದ ಬರಬೇಕಿತ್ತು ಎಂದರು ವೇದಿಕೆಯ ಅಧ್ಯಕ್ಷರು.

ಎರಡು ತಿಂಗಳಿಗೆ ದೂರು ವಜಾ ಆಯಿತು. ತಜ್ಞರ ಅಭಿಪ್ರಾಯವಿಲ್ಲ, ಉಡಿ ತುಂಬಿದ ನಡತೆ ನೋಡಿದರೆ ಡಾಕ್ಟರ ಮೇಲೆ ಅಸಮಾಧಾನವೂ ಇದ್ದಂತಿಲ್ಲ ಎಂದು ಆದೇಶದಲ್ಲಿ ಬರೆದಿದ್ದರು. ಕಾಗದವೇನೋ ಸಿಕ್ಕಿತು, ಅವಳು ಕೇಳಿದ ಕಾಗದ ಅದಲ್ಲ.

ಹೊರಗೆ ಮೆಟ್ಟಿಲ ಮೇಲೆ ಅವಳು ನಿಧಾನ ಹೇಳಿದಳು. “ಬಾಗಲಕ್ಕ ಬಂದ ಮುತ್ತೈದಿನ್ನ ಬರೇ ಉಡೀಲೆ ಹೆಂಗ ಕಳಸೂದ್ರಿ? ಸಿಟ್ಟು ಇತ್ತು, ಭಾಳ ಇತ್ತು. ಅದನ್ನ ಹೇಳಬೇಕಂದ್ನಿ, ನೀವ ಬ್ಯಾಡ ಅಂದಿದ್ರಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಬೈಯಲಿಲ್ಲ. ಇಳಕಲ್ ಬಸ್ಸಿಗೆ ಹೊತ್ತಿತ್ತು, ಇಬ್ಬರನ್ನೂ ನವನಗರದ ನಮ್ಮ ಮನೆಗೆ ಕರೆತಂದೆ. ಹೆಂಡತಿ ಮಹಾನಂದಾ ಚಹಾ ಕೊಟ್ಟಳು. ಚಂದ್ರವ್ವನ ತುಟಿಯಿಂದ ಚಹಾ ಗದ್ದಕ್ಕೆ ಇಳಿಯುತ್ತಿದ್ದರೂ ಅವಳಿಗೆ ಗೊತ್ತಾಗಲಿಲ್ಲ. ಅಮರಪ್ಪ ಟವೆಲಿನಿಂದ ಒರೆಸಿದ.

ಹೊರಡುವಾಗ ಮಹಾನಂದಾ ಕುಂಕುಮ ಹಚ್ಚಿ, ಮೊರದಲ್ಲಿ ಅಕ್ಕಿ, ಖಣ ಇಟ್ಟು ಉಡಿ ಹಿಡಿಯಲು ಹೇಳಿದಳು. ಚಂದ್ರವ್ವ ಸೆರಗು ಒಡ್ಡಿದವಳು ತಟ್ಟನೆ ಹಿಂದಕ್ಕೆ ಎಳೆದುಕೊಂಡು ನನ್ನ ಕಡೆ ತಿರುಗಿದಳು.

“ಸಾಹೇಬ್ರ, ಇದನ್ನ ತಗೋಬೌದೇನ್ರಿ? ಕೇಸಿಗೆ ಏನೂ ಆಗೂದಿಲ್ಲಲ್ರಿ?”

ಕೇಸು ಎಲ್ಲಿತ್ತು ಇನ್ನು? ತಗೋರಿ ಎಂದೆ.