ಗೂಢಚಾರನ ಒಂದು ಒಳ್ಳೆಯ ಕೆಲಸ

ನಮ್ಮ ಸಿನಿಮಾ ಸ್ಟುಡಿಯೋ ಅಂದರೆ ಥೇಮ್ಸ್ ದಂಡೆಯ ಒಂದು ತಗಡಿನ ಶೆಡ್ಡು. ಸೆಟ್ಟಿಗೆಂದು ಇದ್ದ ಒಂದೇ ಮೆಟ್ಟಿಲಸಾಲು ಸೋಮವಾರ ರಾಯಭಾರ ಕಚೇರಿಯದು, ಮಂಗಳವಾರ ಜೈಲಿನದು. ನಾನು ಎಡ್ನಾ, ನಟರ ಬಟ್ಟೆಬರೆ ನೋಡಿಕೊಳ್ಳುವವಳು. ನಟ ಎಗಾನ್ ವೈಸ್‌ನ ಕೋಟಿನ ಗುಂಡಿನ ತೂತುಗಳಿಗೆ ತೇಪೆ ಹಾಕಿ ಹಾಕಿ ನನಗೆ ಸಾಕಾಗಿತ್ತು. ನಾತ್ಸಿಗಳ ಕೈಯಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಓಡಿ ಬಂದ ಯಹೂದಿ ಅವನು. ನಮ್ಮವರೋ, ಅವನ ಮಾತಿನ ಜರ್ಮನ್ ಧಾಟಿ ಕೇಳಿ, ಚಿತ್ರ ಚಿತ್ರಕ್ಕೂ ಶತ್ರುಗಳ ಗೂಢಚಾರನನ್ನಾಗಿ ಮಾಡಿ ಕೊಲ್ಲುತ್ತಿದ್ದರು. ಬುದ್ಧಿಗೇಡಿಗಳು!

ಶಾಲೆಯಲ್ಲಿ ಮಕ್ಕಳು ಅವನ ಮಗಳು ಟ್ರೂಡಿಯನ್ನು ಕಂಡರೆ ಬೆರಳು ಚಾಚಿ "ಢಂ ಢಂ" ಎಂದು ಗುಂಡು ಹೊಡೆಯುತ್ತಿದ್ದರು. ಅದಕ್ಕೇ ಎಗಾನ್ ನಿರ್ದೇಶಕರ ಕೈಕಾಲು ಹಿಡಿದು ಈ ಸಲ ತನ್ನ ಪಾತ್ರಕ್ಕೆ ಒಂದು ಒಳ್ಳೆಯ ಕೆಲಸ ಗಿಟ್ಟಿಸಿಕೊಂಡಿದ್ದ: ಸಾಯುವ ಮುಂಚೆ, ಸೆರೆಹಿಡಿದ ಮಗುವನ್ನು ತಾನಾಗಿ ಬಿಟ್ಟು ಕಳಿಸುವುದು.

ಆರು ಹೊಡೆದರೆ ಲೈಟಿನವರು ದೀಪ ಆರಿಸುವುದು ನಮ್ಮಲ್ಲಿ ಪದ್ಧತಿ. ಅವರೆಲ್ಲ ಕೈ ಎತ್ತಿ ಒಪ್ಪಿದರೆ ಮಾತ್ರ ಕಾಲು ಗಂಟೆ ಹೆಚ್ಚು. ಶೂಟಿಂಗಿನ ಕೊನೆಯ ದಿನ ಆರಾಗುತ್ತ ಬಂದರೂ ಆ ದೃಶ್ಯ ಬಾಕಿಯಿತ್ತು. ಎಗಾನ್ ನಿಂತಲ್ಲಿ ನಿಲ್ಲಲಾರ, ಕೂತಲ್ಲಿ ಕೂರಲಾರ. ಲೈಟಿನವರ ಮುಖಂಡ ಪರ್ಸಿ, ಯುದ್ಧದಲ್ಲಿ ತಮ್ಮನನ್ನು ಕಳೆದುಕೊಂಡವನು, ಗಡಿಯಾರ ನೋಡಿದ.

"ಏನ್ ಸಾಹೇಬ್ರೇ, ಒಂದ್ಸಲ ಸಾಯೋಕೆ ಎಷ್ಟೊತ್ರೀ ಬೇಕು ನಿಮಗೆ? ಮನೇಲಿ ನನ್ ಹೆಂಡ್ತಿ ಕಾಯ್ತಾ ಇರ್ತಾಳೆ."

"ಸಾಯೋದು ಬೇಗ ಮುಗಿಸ್ತೀನಿ ಪರ್ಸಿ. ಆ ಮಗೂನ ಬಿಡೋದೊಂದು ಆಗ್ಲಿ. ನನ್ ಮಗಳು ನೋಡ್ಬೇಕು," ಎಂದ ಎಗಾನ್.

ಪರ್ಸಿ ಕೆಮ್ಮಿದ. ತನ್ನವರ ಕಡೆ ತಿರುಗಿ, "ಏನ್ ನೋಡ್ತಿದೀರ? ಎತ್ರೋ ಕೈ!" ಎಂದು ಗದರಿದ.

ಒಂದೇ ಟೇಕಿನಲ್ಲಿ ಮುಗಿಯಿತು. ನಾನು ಅತ್ತುಬಿಟ್ಟೆ. ಪರ್ಸಿಯೂ ಮೂಗು ಒರೆಸಿಕೊಂಡ, ಕೇಳಿದರೆ ಧೂಳು ಅಂದ.

ಚಿತ್ರ ಬಂದ ಶನಿವಾರ ಮಧ್ಯಾಹ್ನ ಎಗಾನ್, ಟ್ರೂಡಿ, ನಾನು ಮೂವರೂ ಟಾಕೀಸಿಗೆ ಹೋದೆವು. ಟ್ರೂಡಿ ಮುಂದೆ ತನ್ನ ತರಗತಿಯವರ ಸಾಲಿನ ತುದಿಯಲ್ಲಿ ಕೂತಳು, ನಾವಿಬ್ಬರು ಹಿಂದೆ. "ಈಗ ನೋಡಿ, ಈಗ," ಎಂದು ಎಗಾನ್ ನನ್ನ ತೋಳು ಹಿಂಡುತ್ತಿದ್ದ. ಬಾಗಿಲು ತೆರೆಯಿತು, ಗುಂಡು ಹಾರಿತು, ಪರದೆಯ ಮೇಲಿನ ಎಗಾನ್ ಬಿದ್ದ. ಮಗುವನ್ನು ಬಿಡುವ ದೃಶ್ಯವೇ ಇಲ್ಲ! ದೊಡ್ಡ ಚಿತ್ರಕ್ಕೆ ಮುಂಚೆ ತೋರಿಸುವ ಅಗ್ಗದ ಪುಟ್ಟ ಚಿತ್ರ ನಮ್ಮದು. ಉದ್ದವಾಯಿತೆಂದು ಕತ್ತರಿಸಿದ್ದರು.

ಮಕ್ಕಳೆಲ್ಲ ಕೇಕೆ ಹಾಕಿ ಚಪ್ಪಾಳೆ ತಟ್ಟಿದರು. ಟ್ರೂಡಿ ಅತ್ತಿತ್ತ ನೋಡಿದಳು. ಆಮೇಲೆ ತಾನೂ ತಟ್ಟಿದಳು, ಎಲ್ಲರಿಗಿಂತ ಜೋರಾಗಿ. ಪಕ್ಕದ ಹುಡುಗಿ ನಕ್ಕು ಅವಳ ಹೆಗಲ ಮೇಲೆ ಕೈ ಹಾಕಿದಳು.

ಎಗಾನ್ ಮೆಲ್ಲನೆ ಎದ್ದು ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡ.

"ಎಲ್ಲಿಗ್ರೀ ಹೊರಟ್ರಿ?" ಎಂದೆ.

"ಆ ಮಕ್ಕಳು ತಿರುಗಿ ನನ್ನ ನೋಡೋಕ್ ಮುಂಚೆ ಹೋಗ್ಬಿಡ್ತೀನಿ ಎಡ್ನಾ. ಇವತ್ತೊಂದಿನ ಅವಳು ಅವರ ಜೊತೆ ಇರ್ಲಿ. ಮನೆಗೆ ನೀವೇ ಕರ್ಕೊಂಡ್ ಬನ್ನಿ."