ಎಮ್ಮೆಯ ಬಾಣಂತನ

ಬೆಳಿಗ್ಗೆ ಹಾಲು ಕರೆಯಲು ಚರಗಿ ಹಿಡಿದು ಕೊಟ್ಟಿಗೆಗೆ ಹೋದ ಕಸ್ತೂರೆವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಎಮ್ಮೆ ಗಂಗಾಳ ಮಗ್ಗುಲಲ್ಲಿ ಸೊಸೆ ಸೀಮಾ ಕುಕ್ಕರುಗಾಲಲ್ಲಿ ಕೂತಿದ್ದಳು. ಡೇರಿಯಿಂದ ತಂದ ಮಿನರಲ್ ಪುಡಿಯ ಚೀಲ ಅವಳ ಮೊಣಕಾಲಿಗೆ ಒರಗಿತ್ತು. ಎಮ್ಮೆಯ ಹಿಂಡಿಗೆ ಕಲಸುವ ಆ ಬೂದು ಪುಡಿಯನ್ನು ಸೀಮಾ ಚಮಚೆಯಲ್ಲಿ ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ಮುಖ ಕಿವಿಚಿ ನೀರು ಕುಡಿದಳು. ಆಮೇಲೆ ದಿನದ ಕೆಲಸವೆಂಬಂತೆ ಚೀಲದ ಬಾಯಿಗೆ ದಾರ ಸುತ್ತತೊಡಗಿದಳು.

"ಏನ ಮಾಡಾಕತ್ತಿ ಬೇ ಸೀಮಾ!"

"ಚೀರಬ್ಯಾಡ್ರಿ ಅತ್ತಿ, ಕೂಸು ಏಳತೈತಿ."

"ಎಮ್ಮಿ ಪುಡಿ ತಿಂತಿಯಲ್ಲ, ತಲಿ ನೆಟ್ಟಗೈತಿಲ್ಲೋ ನಿಂದು?"

"ನೆಟ್ಟಗಿಲ್ಲಂತನ ತಿನ್ನಾಕತ್ತೀನ್ರಿ. ನೋಡ್ರಿ ಇಲ್ಲೆ."

ಬಾಣಂತಿಯ ತಲೆಗೆ ಗಾಳಿ ತಾಗಬಾರದೆಂದು ಹಡೆದ ದಿನದಿಂದ ಕಸ್ತೂರೆವ್ವನೇ ಕಟ್ಟಿಸಿದ್ದ ಬಟ್ಟೆ ಸೊಸೆಯ ತಲೆಯ ಮೇಲಿತ್ತು. ಸೀಮಾ ಅದನ್ನು ಬಿಚ್ಚಿದಳು. ಹಣೆಯ ಮೇಲೆ, ಕಿವಿಯ ಹಿಂದೆ ಬುರುಡೆ ಕಾಣುತ್ತಿತ್ತು. ಬೆರಳು ಆಡಿಸಿದರೆ ಸಾಕು, ಕೂದಲು ಎಳೆಯದೇ ಹಿಡಿಗಟ್ಟಲೆ ಬರುತ್ತಿತ್ತು. ಹುಣಸೆ ತಿಕ್ಕಿದ ತಾಮ್ರದಂತೆ ಹೊಳೆಯುತ್ತಿದ್ದ ದಪ್ಪ ಜಡೆ ಹೊತ್ತು ಕೊಗನೊಳ್ಳಿಯಿಂದ ಬೇಡಕಿಹಾಳಕ್ಕೆ ಮದುವೆಯಾಗಿ ಬಂದ ಹುಡುಗಿ ಇವಳೇನಾ ಎಂದು ಕಸ್ತೂರೆವ್ವನಿಗೆ ನಂಬಿಕೆ ಬರಲಿಲ್ಲ.

"ಗಂಗಾನೂ ನಾನೂ ಒಂದ ವಾರದಾಗ ಹಡದ್ವಿ," ಸೀಮಾ ಅಂದಳು. "ಆಕಿ ಮೈಗೂದಲಾನೂ ಉದುರಿದ್ವು. ನೀವು ಈ ಪುಡಿ ಹಾಕಿದ್ರಿ. ಈಗ ನೋಡ್ರಿ, ಎಣ್ಣಿ ಹಚ್ಚಿದಂಗ ಮಿಂಚತಾಳ. ನಾನೂ ಹಾಲ ಕೊಡಾಕಿನ ಅಲ್ಲೇನ್ರಿ?"

ಹಾಲು ಎಂದ ಕೂಡಲೇ ಕಸ್ತೂರೆವ್ವನಿಗೆ ಕೂಸು ನೆನಪಾಯಿತು. ಮೂರು ತಿಂಗಳು ತುಂಬಿದ ಮೊಮ್ಮಗ ಕುಡಿಯುತ್ತಿದ್ದದ್ದು ಇವಳದೇ ಹಾಲು.

"ಈಶ್ವರಾ! ಗಾಡಿ ತಗಿಯೋ!"

ಮಗ ಈಶ್ವರ ಬಾಯಲ್ಲಿ ಬ್ರಶ್ಶಿಟ್ಟುಕೊಂಡೇ ಓಡಿ ಬಂದ. ವಿಷಯ ತಿಳಿದು, ಬಾಯಿ ತೊಳೆಯುವುದನ್ನೂ ಮರೆತು ಕಾರು ತೆಗೆದ. ಪುಡಿಯ ಚೀಲವನ್ನೂ ಡಿಕ್ಕಿಗೆ ಎಸೆದ. ಚಿಕ್ಕೋಡಿಯ ದಾರಿಯುದ್ದಕ್ಕೂ ಕೂಸು ಹಸಿದು ಅತ್ತಿತು. ಕಸ್ತೂರೆವ್ವ ಅದನ್ನು ತಾಯಿಗೆ ಕೊಡಲಿಲ್ಲ. ತನ್ನ ಬೆರಳು ಚೀಪಿಸಿದಳು, ಅದು ಉಗುಳಿತು. ಪಕ್ಕದಲ್ಲಿ ಸೀಮಾಳ ಕುಪ್ಪಸ ಹಾಲಿನಿಂದ ನೆನೆದುಹೋಗಿತ್ತು. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ದವಾಖಾನೆಯಲ್ಲಿ ಡಾಕ್ಟರ್ ಬಾಯಿ ಮೊದಲು ಕೂಸನ್ನು ನೋಡಿದಳು. ತೂಗಿದಳು, ಕಣ್ಣು, ನಾಲಿಗೆ ನೋಡಿದಳು. ಸೀಮಾ ತಿಂದದ್ದು ಎಷ್ಟು, ಎಂದಿನಿಂದ ಎಂದು ಕೇಳಿದಳು. ಈ ವಾರದಿಂದ ಅಷ್ಟೇ, ದಿನಕ್ಕೊಂದು ಚಮಚೆ ಎಂದಳು ಸೀಮಾ. ಡಾಕ್ಟರ್ ಬಾಯಿ ಚೀಲದ ಮೇಲಿನ ಅಕ್ಷರಗಳನ್ನು ನಿಧಾನವಾಗಿ ಓದಿದಳು.

"ಕೂಸು ಆರಾಮ ಐತಿ. ಹಾಲು ಕುಡಸ್ರಿ ಮೊದಲ," ಅಂದಳು. "ಆದ್ರ ಈ ಪುಡಿ ಇವತ್ತಿಗೆ ಬಂದ್. ಇದು ಎಮ್ಮಿ ಮೈತೂಕಕ್ಕ ಅಳದದ್ದು. ಇದರಾಗಿನ ಕೆಲವು ಖನಿಜ ಮನಶ್ಯಾರಿಗೆ ಹೆಚ್ಚಾದ್ರ, ಅದರಿಂದನ ಕೂದಲು ಉದುರತಾವು. ಉಗುರು ಮುರೀತಾವು."

ಸೀಮಾ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. ಅಳು ನಿಂತಿತು. ಡಾಕ್ಟರ್ ಬಾಯಿ ಅವಳ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದಳು. ಒಳಗೆ ಕೆಂಪೇ ಇರಲಿಲ್ಲ, ಸುಣ್ಣದ ಬಣ್ಣ.

"ಹಡದು ಮೂರ್ನಾಕು ತಿಂಗಳಿಗೆ ಕೂದಲು ಉದುರೂದು ಬಾಳ ಮಂದಿಗೆ ಇರತೈತಿ, ತಾವ ಬರತಾವು. ಆದ್ರ ಇಷ್ಟಲ್ಲ. ಮೈಯಾಗ ಕಬ್ಬಿಣದ ಅಂಶ ಇಲ್ಲ ಕಾಣತೈತಿ, ರಕ್ತ ನೋಡೂಣು. ಏನ ಊಟ ಮಾಡತಿಯವ್ವಾ?"

ಸೀಮಾ ಅತ್ತೆಯ ಮುಖ ನೋಡಿದಳು. ಬಾಣಂತನದ ಮಾತೆಂದರೆ ಕಸ್ತೂರೆವ್ವ ಹಿಂದೆ ಸರಿಯುವವಳಲ್ಲ. ಸೀಮಾಳ ತಾಯಿ ತೀರಿಹೋಗಿದ್ದರಿಂದ ಈ ಬಾಣಂತನ ತನ್ನ ಕೈಯಲ್ಲೇ ಆದದ್ದು ಅವಳಿಗೊಂದು ಹೆಮ್ಮೆ.

"ಬಿಸಿ ಅನ್ನ, ಬಳ್ಳೊಳ್ಳಿ ಖಾರ, ಮ್ಯಾಲ ತುಪ್ಪ ಬಿಡತೀನ್ರಿ. ಸಂಜಿಕ ತೆಳ್ಳಂದೊಂದು ರೊಟ್ಟಿ."

"ಬ್ಯಾಳಿ?"

"ವಾಯು ಆಗತೈತ್ರಿ."

"ತಪ್ಪಲಪಲ್ಲೆ?"

"ಕೂಸಿಗೆ ಹಸರ ಸಂಡಾಸ ಹತ್ತತೈತ್ರಿ."

"ಮೊಸರು, ಹಣ್ಣು, ಶೇಂಗಾ?"

"ಥಂಡಿ. ಪಿತ್ತ. ಎಲ್ಲಾ ಪಥ್ಯಾ ನೋಡ್ರಿ, ಒಂದ ತುತ್ತೂ ತಪ್ಪಿಲ್ಲ."

ಡಾಕ್ಟರ್ ಬಾಯಿ ಬರೆಯುವುದನ್ನು ನಿಲ್ಲಿಸಿ, "ಎಮ್ಮಿ ಹಡದಾಗಿಂದ ಅದಕ್ಕೇನ ಹಾಕ್ತೀರಿ?" ಎಂದಳು.

"ಅದಕ್ಕೇನ ಕಮ್ಮಿ ಮಾಡಿಲ್ರಿ! ಸಜ್ಜಿ ಕುದಿಸಿ ಬೆಲ್ಲ ಹಾಕತೀನಿ. ಹತ್ತಿಕಾಳ ನೆನಸ್ತೀನಿ, ಹಿಂಡಿ, ಹೊಟ್ಟು... ಹಸೀ ಹುಲ್ಲು ಹೊತ್ತಿಗೊಂದು ಹೊರಿ... ಬಾಣಂತಿ ದನಾ ನೋಡ್ರಿ, ಹಾಲು ಹಿಂಡಿಕೊಳ್ಳೂ ಜೀವಕ್ಕ ಹೊಟ್ಟಿತುಂಬ..."

ಕಸ್ತೂರೆವ್ವ ಸೊಸೆಯ ಕಡೆ ತಿರುಗಿದಳು.

"ಎಮ್ಮಿ ಬಾಣಂತನ ಭಾರಿ ಆಗೈತ್ರಿ ನಮ್ಮನ್ಯಾಗ," ಸೀಮಾ ಮೆಲ್ಲಗೆ ಅಂದಳು.

ಈಶ್ವರನಿಗೆ ನಗು ಬಂತು. ತಾಯಿಯ ಮುಖ ನೋಡಿ ನುಂಗಿಕೊಂಡ.

ರಕ್ತ ತೆಗೆಯಲು ಸೀಮಾಳನ್ನು ಒಳಗೆ ಕರೆದರು. ನಿದ್ದೆಹೋದ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕಸ್ತೂರೆವ್ವ ಹೊರಗಿನ ಬೆಂಚಿನ ಮೇಲೆ ಕೂತಳು. ಅಕ್ಷರ ಅವಳಿಗೆ ಹೆಚ್ಚು ಬಾರದು, ನೆನಪು ಮಾತ್ರ ಗಟ್ಟಿ. ತನ್ನ ಚೊಚ್ಚಲ ಬಾಣಂತನದಲ್ಲಿ ಸೊಂಟ ಮುಟ್ಟುತ್ತಿದ್ದ ಜಡೆ ಇಲಿಬಾಲವಾಗಿತ್ತು. ಕೂಸಿಗೆ ತಾಯಿಯ ಗುರುತು ಹತ್ತಿದಾಗ ಹಾಗೇ ಆಗುವುದೆಂದು ಅತ್ತೆ ಹೇಳಿದ್ದಳು, ಇವಳು ನಂಬಿದ್ದಳು. ದೊಡ್ಡ ನೆಗೆಣ್ಣಿಗೂ ಹಾಗೇ ಆಯಿತು. ಬಾವಿಯಿಂದ ಕೊಡ ಹೊತ್ತು ಬರುವಾಗ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು ಅವಳು. ಸಣ್ಣ ನೆಗೆಣ್ಣಿಗೂ ಅದೇ. ಹಬ್ಬ ಬಂತೆಂದರೆ ಆ ಮನೆಯ ಹೆಂಗಸರೆಲ್ಲ ಕನ್ನಡಿ ಮುಂದೆ ಸಾಲಾಗಿ ಕೂತು ಚೌರಿ ಕಟ್ಟಿಕೊಂಡು ಸುಳ್ಳು ಜಡೆ ಹೆಣೆಯುತ್ತಿದ್ದರು. ಈ ಮನೆಯ ಹೆಣ್ಣುಮಕ್ಕಳಿಗೆ ಕೂದಲು ಬರಕತ್ತಿಲ್ಲ ಎಂದು ಅವರೇ ಹೇಳಿ ನಗುತ್ತಿದ್ದರು.

ಕಸ್ತೂರೆವ್ವ ಬೆಂಚಿನ ಮೇಲೆ ನೆಟ್ಟಗಾದಳು. ಈ ಮನೆಯ ಹೆಣ್ಣುಮಕ್ಕಳು? ಅತ್ತೆ ತೆಲಸಂಗದವಳು. ದೊಡ್ಡ ನೆಗೆಣ್ಣಿ ರಾಯಬಾಗದ ಕಡೆಯವಳು, ಸಣ್ಣವಳು ಅಥಣಿಯವಳು. ತಾನು ಕಾಗವಾಡದವಳು. ಒಬ್ಬರ ರಕ್ತ ಒಬ್ಬರಲ್ಲಿ ಇರಲಿಲ್ಲ. ಎಲ್ಲರಿಗೂ ಒಂದೇ ಆಗಿದ್ದದ್ದು ಆ ಬಾಣಂತಿಯ ತಾಟು. ಅನ್ನ, ಖಾರ, ತೆಳ್ಳನೆಯ ರೊಟ್ಟಿ.

ಇಷ್ಟು ವರ್ಷದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವಳ ಕೈ ತಾನೇ ತನ್ನ ಬೋಳು ನೆತ್ತಿಗೆ ಹೋಯಿತು.

"ಅವ್ವಾ, ಯಾಕ ಹಿಂಗ ಬೆವರಾಕತ್ತಿ?" ಈಶ್ವರ ಕೇಳಿದ.

"ಸೀಮಾ ಹೊರಗ ಬಂದಕೂಡ್ಲೆ ಮನಿಗೆ ನಡಿಯೋ," ಅಂದಳು. "ದಾರ್‍ಯಾಗ ಸಂತಿ ಮುಂದ ನಿಲ್ಲಸು."

ಸಂತೆಯಲ್ಲಿ ಮೆಂತ್ಯೆ, ರಾಜಗಿರಿ ಸಿಕ್ಕಷ್ಟು ಕೊಂಡಳು. ಮನೆಗೆ ಬಂದವಳೇ ತೊಗರಿಬೇಳೆ ಕುದಿಸಿ ತಪ್ಪಲು ಹಾಕಿ ಒಗ್ಗರಣೆ ಕೊಟ್ಟಳು. ಘಮಕ್ಕೆ ಪಕ್ಕದ ಮನೆಯ ಸತ್ತೆವ್ವ ಹಿತ್ತಲ ಬಾಗಿಲಿನಿಂದ ಇಣುಕಿದಳು.

"ಯಕ್ಕಾ, ಬಾಣಂತಿಗೆ ತಪ್ಪಲಾ? ನನ್ನ ಮಗಳಿಗೆ ಬ್ಯಾಡ ಅಂದಾಕಿ ನೀನ ಅಲ್ಲೇನ?"

"ನಾನ ಅಂದಿದ್ನಿ. ನಿನ್ನ ಮಗಳ ತಲಿ ಮ್ಯಾಲಿನ ಬಟ್ಟಿ ಒಮ್ಮಿ ಬಿಚ್ಚಿ ನೋಡ ಹೋಗ."

ಸತ್ತೆವ್ವ ಲಗುಬಗೆಯಿಂದ ತನ್ನ ಮನೆಗೆ ಹೋದಳು.

ಸೀಮಾ ತಾಟಿನ ಮುಂದೆ ಕೂತಳು. ಮೊದಲ ತುತ್ತಿಗೆ ಒಮ್ಮೆ ಅತ್ತೆಯನ್ನು ನೋಡಿದಳು. ಆಮೇಲೆ ತಲೆ ಎತ್ತಲಿಲ್ಲ. ರೊಟ್ಟಿಯ ಮೇಲೆ ರೊಟ್ಟಿ ಮುರಿದಳು, ಬಿಸಿ ಬೇಳೆಗೆ ನಾಲಿಗೆ ಸುಟ್ಟರೂ ನಿಲ್ಲಲಿಲ್ಲ. ತಾಟಿನಂಚಿಗೆ ಹತ್ತಿದ್ದ ತಪ್ಪಲನ್ನೂ ಬೆರಳಿನಿಂದ ಬಳಿದು ತಿಂದಳು. ಮೂರು ತಿಂಗಳು ಎದುರಿಗೇ ಉಣ್ಣುತ್ತಿದ್ದ ಸೊಸೆ ಹೀಗೆ ಉಂಡದ್ದನ್ನು ಕಸ್ತೂರೆವ್ವ ನೋಡಿರಲೇ ಇಲ್ಲ. ಕೊಟ್ಟಿಗೆಯಲ್ಲಿ ಕಂಡದ್ದಕ್ಕಿಂತ ಇದು ಅವಳನ್ನು ಹೆಚ್ಚು ಹೆದರಿಸಿತು.

"ಇಷ್ಟ ಹಸಿವಿತ್ತೇನ ಬೇ ನಿನಗ?"

"ಹಡದಾಗಿಂದ್ರಿ," ಅಂದಳು ಸೀಮಾ, ಬಾಯಲ್ಲಿ ತುತ್ತಿಟ್ಟುಕೊಂಡೇ. ಖಾಲಿ ತಾಟನ್ನು ಮುಂದಕ್ಕೆ ಸರಿಸಿದಳು.

ಬುಟ್ಟಿಯಲ್ಲಿ ರೊಟ್ಟಿ ಮುಗಿದಿದ್ದವು. ಕಸ್ತೂರೆವ್ವ ಒಲೆಯ ಮುಂದೆ ಕೂತು ಮತ್ತೆ ಹಿಟ್ಟು ನಾದತೊಡಗಿದಳು.